ಪೂಜಿ ಎಂಬ ಸೊನ್ನೆ

ಬೈಗುಳ, ಪ್ರಾರ್ಥನೆ, ಲೆಕ್ಕ, ಈ ಮೂರು ಮನುಷ್ಯನಿಗೆ ತಾಯಿಯ ಭಾಷೆಯಲ್ಲೇ ಬರುತ್ತವೆ ಎಂದು ನಮ್ಮ ಅಪ್ಪ ಹೇಳುತ್ತಿದ್ದರು. ಪ್ರಾರ್ಥನೆಯ ಮಾತು ನನಗೆ ಗೊತ್ತಿಲ್ಲ. ದೇವರಿಗೂ ನನಗೂ ಅಷ್ಟಕ್ಕಷ್ಟೆ. ಬೈಗುಳ ನನಗೆ ಮರಾಠಿಯಲ್ಲೇ ಸಲೀಸು, ಏಕೆಂದರೆ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ರೈಲು ಹತ್ತುವ ಹೆಂಗಸಿಗೆ ಬೇರೆ ಭಾಷೆಯ ಬೈಗುಳ ಉಪಯೋಗಕ್ಕೆ ಬರುವುದಿಲ್ಲ. ಲೆಕ್ಕದ ಮಟ್ಟಿಗೆ ಮಾತ್ರ ಅಪ್ಪ ಹೇಳಿದ್ದು ಸುಳ್ಳಾಗಲಿಲ್ಲ. ಮರಾಠಿ ಸೊಸೆಗೆ ಸ್ವೆಟರ್ ಹೆಣೆಯಲು ಕಲಿಸುವಾಗಲೂ ನಾನು ಸೂಜಿಯ ಮೇಲಿನ ಹೊಲಿಗೆಗಳನ್ನು ಒಂದು, ಎರಡು, ಮೂರು ಎಂದೇ ಎಣಿಸುತ್ತೇನೆ. ಅವಳು ನಗುತ್ತಾಳೆ.

ಅಪ್ಪ ಬಿಜಾಪುರದ ಕಡೆಯವರು, ಕಲ್ಯಾಣದ ರೇಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ನಾನು ಹುಟ್ಟಿದ್ದು ಕಲ್ಯಾಣದ ರೇಲ್ವೆ ಕ್ವಾರ್ಟರ್ಸಿನಲ್ಲಿ, ಬೆಳೆದದ್ದು ಡೊಂಬಿವಲಿಯ ಚಾಳಿನಲ್ಲಿ. ಓಣಿಯಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ, ಹೊಸ್ತಿಲ ಒಳಗೆ ಕನ್ನಡ. ಪ್ರಾಥಮಿಕ ಶಾಲೆ ಕನ್ನಡದ್ದೇ ಸಿಕ್ಕಿದ್ದರಿಂದ ಮಗ್ಗಿಯೂ ಕನ್ನಡದಲ್ಲೇ ಬಾಯಿಪಾಠವಾಯಿತು. ನಮ್ಮ ಕಡೆ ಸೊನ್ನೆಗೆ ಪೂಜಿ ಎನ್ನುತ್ತಾರೆ. ಪೂಜ್ಯ ಎಂಬುದರ ಆಡುರೂಪ ಅದು. ಪತ್ರ ಬರೆಯುವಾಗ ತಂದೆಗೆ ಪೂಜ್ಯ, ಲೆಕ್ಕ ಬರೆಯುವಾಗ ಸೊನ್ನೆಗೆ ಪೂಜ್ಯ. ಯಾರು ಯಾರನ್ನು ಗೇಲಿ ಮಾಡಿದ್ದೋ ತಿಳಿಯದು. ಒಂದರ ಮುಂದೆ ಪೂಜಿ ಇಟ್ಟರೆ ಹತ್ತು ಎಂದು ಅಪ್ಪ ಪಾಟಿಯ ಮೇಲೆ ಬರೆದು ತೋರಿಸಿದ್ದು ನೆನಪಿದೆ. ಮುಂದೆ ಈ ಒಂದು ಪದ ನನ್ನ ಬಾಯಿಂದ ಜಾರಿದ್ದಕ್ಕೆ ಕೈಗೆ ಬಂದ ಕೆಲಸ ತಪ್ಪಿತು.

ಅದಕ್ಕೂ ಮೊದಲಿನ ಒಂದು ದಿನದ ಮಾತು ಹೇಳಬೇಕು. ಎಪ್ಪತ್ತರ ದಶಕದ ಆರಂಭ. ದಕ್ಷಿಣದವರು ಬಂದು ಇಲ್ಲಿಯವರ ನೌಕರಿ ನುಂಗುತ್ತಿದ್ದಾರೆ ಎಂಬ ಸಿಟ್ಟು ಮುಂಬಯಿಯಿಂದ ಹಳಿಗುಂಟ ನಮ್ಮ ಕಲ್ಯಾಣದವರೆಗೂ ಬಂದಿತ್ತು. ದಕ್ಷಿಣದವರೆಂದರೆ ಯಾರು ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಲುಂಗಿ ಉಟ್ಟವನು, ಕಪ್ಪಗಿದ್ದವನು, ಮಾತು ತಿಳಿಯದವನು, ಎಲ್ಲರೂ ಮದ್ರಾಸಿಗಳೇ. ನಾನು ಅಪ್ಪನ ಜೊತೆ ಲೋಕಲ್‌ನಲ್ಲಿ ಹೋಗುತ್ತಿದ್ದೆ. ಬಾಗಿಲ ಬಳಿ ಉಡುಪಿ ಹೋಟೆಲಿನ ಅಡುಗೆಯವರೊಬ್ಬರನ್ನು ನಾಲ್ಕಾರು ಜನ ಸುತ್ತುಗಟ್ಟಿ, ಅವರ ಪಂಚೆಯ ತುದಿ ಹಿಡಿದು ಎಳೆಯುತ್ತ ನಗುತ್ತಿದ್ದರು. ವಯಸ್ಸಾದ ಮನುಷ್ಯ, ಒಂದು ಕೈಯಲ್ಲಿ ಪಂಚೆಯನ್ನೂ ಇನ್ನೊಂದರಲ್ಲಿ ಚೀಲವನ್ನೂ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಅಪ್ಪಾ, ಅವರನ್ನ ಯಾಕ ಜಗ್ಗಾಕತ್ತಾರ?" ಎಂದು ನಾನು ಗಟ್ಟಿಯಾಗಿ ಕೇಳಿದೆ.

ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಮರಾಠಿಯಲ್ಲಿ, "ಗಪ್ಪ ಬಸ್" ಎಂದರು. ಸುಮ್ಮನೆ ಕೂಡು ಎಂದು. ಅಪ್ಪ ನನ್ನೊಂದಿಗೆ ಮರಾಠಿ ಆಡಿದ್ದು ಅದೇ ಮೊದಲು. ಆ ದಿನ ಮನೆಗೆ ಬಂದವರು ಊಟಕ್ಕೆ ಕೂಡಲಿಲ್ಲ, ಅವ್ವ ಎಷ್ಟು ಕರೆದರೂ. ಲೋಕಲ್‌ನಲ್ಲಿ ಕನ್ನಡ ಆಡಬಾರದು ಎಂಬ ನಿಯಮ ನಮ್ಮ ಮನೆಗೆ ಅವತ್ತು ಬಂತು, ಬಹಳ ವರ್ಷ ಇತ್ತು.

ಎಂಬತ್ತರ ದಶಕದ ನಡುವಿನಲ್ಲಿ ನನಗೆ ಠಾಣೆ ಊರಿನ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಠಾಣೆ, ಬೇಲಾಪುರ ರಸ್ತೆಯ ಕಾರ್ಖಾನೆಗಳು ತಮ್ಮ ಪಗಾರ, ಸ್ಟಾಕುಗಳ ಲೆಕ್ಕವನ್ನು ಇಲ್ಲಿಗೆ ಕಳಿಸುತ್ತಿದ್ದವು. ಯಂತ್ರ ಅದನ್ನು ಕೂಡಿ ಕಳೆದು ಅಗಲವಾದ ಕಾಗದದ ಮೇಲೆ ಮುದ್ರಿಸಿ ಕೊಡುತ್ತಿತ್ತು. ಕಂಪನಿಯ ಮುಂಭಾಗದಲ್ಲಿ ಗಾಜಿನ ಕೋಣೆ, ಅದರಲ್ಲಿ ಏಸಿ, ಏಸಿಯಲ್ಲಿ ಕಂಪ್ಯೂಟರು, ಅದರ ಸುತ್ತ ಪ್ರೋಗ್ರಾಂ ಬರೆಯುವವರು. ಒಳಗೆ ಹೋಗುವವರು ಬಾಗಿಲಲ್ಲಿ ಚಪ್ಪಲಿ ಬಿಡಬೇಕಿತ್ತು. ಧೂಳು ಬಿದ್ದರೆ ಯಂತ್ರ ಕೆಡುತ್ತದೆ ಎಂಬುದು ಕಾರಣ, ಆದರೆ ಕೈಮುಗಿಯುವುದೊಂದು ಬಾಕಿ ಇತ್ತು ಅಷ್ಟೆ. ಹಿಂಭಾಗದಲ್ಲಿ ನಮ್ಮ ಹಾಲು. ಅಲ್ಲಿ ಏಸಿ ಇಲ್ಲ, ಕಿರಿಕಿರಿ ಎನ್ನುವ ಫ್ಯಾನುಗಳು. ಕಾರ್ಖಾನೆಗಳಿಂದ ಬಂದ ಕಾಗದಗಳನ್ನು ನೋಡಿ ಕೀಲಿ ಒತ್ತಿ ಯಂತ್ರಕ್ಕೆ ತುಂಬುವುದು ನಮ್ಮ ಕೆಲಸ.

ಯಾರು ಮುಂದೆ, ಯಾರು ಹಿಂದೆ ಎಂದು ಎಲ್ಲಿಯೂ ಬರೆದಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ಹಿಂದಿನ ಹಾಲಿನಲ್ಲಿ ನಾವೆಲ್ಲ ಕೇರಳದವರು, ತಮಿಳರು, ನಮ್ಮ ಕಡೆಯವರು, ಕೊಂಕಣದ ಬಡ ಮನೆಗಳ ಹುಡುಗಿಯರು. ಒಬ್ಬರಿಗಿಂತ ಒಬ್ಬರು ಕಪ್ಪು. ಗಾಜಿನ ಕೋಣೆಯಲ್ಲಿ ಕಾನ್ವೆಂಟಿನ ಇಂಗ್ಲಿಷು, ಗೋಧಿ ಬಣ್ಣ. ಮಾಲೀಕರು ಅದಕ್ಕೆ ಇಟ್ಟಿದ್ದ ಹೆಸರು 'ಪ್ರೆಸೆಂಟೆಬಲ್'. ಸೀರೆ ಒಗೆದು ಇಸ್ತ್ರಿ ಮಾಡಿ ಉಟ್ಟರೆ ಪ್ರೆಸೆಂಟೆಬಲ್ ಆಗಬಹುದೆಂದು ನಾನು ಮೊದಮೊದಲು ತಿಳಿದಿದ್ದೆ. ಹಾಗೆ ನೋಡಿದರೆ ನಮ್ಮ ಆಫೀಸಿನ ಎದುರಿನ ಉಡುಪಿ ಹೋಟೆಲಿನ ಯಜಮಾನರೂ ತಮ್ಮ ಊರಿನವರನ್ನು ಬಿಟ್ಟು ಬೇರೆ ಯಾರನ್ನೂ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಕೇಳಿದರೆ, "ಗುರ್ತಪರಿಚಯ ಇಲ್ಲದವರನ್ನು ನಂಬುವುದು ಹೇಗೆ ಮಾರಾಯ್ರೆ?" ಎನ್ನುತ್ತಿದ್ದರು. ಅದನ್ನು ಕೇಳಿ ನಾನು ನಕ್ಕು ಚಹಾ ಕುಡಿದು ಬರುತ್ತಿದ್ದೆ. ತಮ್ಮವರು ಎಂಬುದು ಒಳಗಿದ್ದವರಿಗೆ ಸಿಹಿಯಾಗಿಯೇ ಇರುತ್ತದೆ.

ನಮ್ಮ ಕೆಲಸ ಜೋಡಿಯಲ್ಲಿ. ಒಬ್ಬಳು ಕಾಗದ ಹಿಡಿದು ಓದುವುದು, ಇನ್ನೊಬ್ಬಳು ಒತ್ತುವುದು, ಅರ್ಧ ದಿನಕ್ಕೆ ಅದಲು ಬದಲು. ನನ್ನ ಜೋಡಿ ಭಿವಂಡಿಯಿಂದ ಎಸ್‌ಟಿ ಬಸ್ಸಿನಲ್ಲಿ ಬರುವ ಮುಸಲ್ಮಾನರ ಹುಡುಗಿ. ಅವಳ ಮನೆಯವರೆಲ್ಲ ಪವರ್‌ಲೂಮಿನಲ್ಲಿ ದುಡಿಯುವವರು. ಬಂದ ಕೂಡಲೇ ಬುರ್ಖಾ ತೆಗೆದು ಬಾಗಿಲ ಹಿಂದಿನ ಮೊಳೆಗೆ ಹಾಕಿ, ಬಳೆ ಮೇಲೇರಿಸಿ ಕೆಲಸಕ್ಕೆ ಕೂತುಬಿಡುತ್ತಿದ್ದಳು. ಅವಳಷ್ಟು ನಗಿಸುವವರು ಆ ಹಾಲಿನಲ್ಲಿ ಇನ್ನೊಬ್ಬರಿರಲಿಲ್ಲ.

ನಮಗೆ ಒಂದು ತೊಡಕಿತ್ತು. ಕಾರ್ಖಾನೆಗಳ ಮಾಲಿನ ಕೋಡುಗಳಲ್ಲಿ ಅಕ್ಷರವೂ ಅಂಕಿಯೂ ಬೆರೆತಿರುತ್ತಿದ್ದವು. ಇಂಗ್ಲಿಷಿನ 'ಓ' ಅಕ್ಷರವೂ ಸೊನ್ನೆಯೂ ಕೈಬರಹದಲ್ಲಿ ಅವಳಿ ಜವಳಿ. ಓದುವವಳು ನೋಡಿ ಬೇರೆ ಮಾಡಿದರೂ ಬಾಯಲ್ಲಿ ಎರಡನ್ನೂ ಓ ಎಂದೇ ಅನ್ನುವುದು ರೂಢಿ. ಝೀರೋ ಎಂದು ಪೂರ್ತಿ ಹೇಳಿದರೂ ಫ್ಯಾನಿನ ಗದ್ದಲದಲ್ಲಿ ಅದರ ಬಾಲವಷ್ಟೇ ಕಿವಿಗೆ ಬಿದ್ದು ಮತ್ತೆ ಓ ಆಗುತ್ತಿತ್ತು. ಒಂದು ಓ ತಪ್ಪಿದರೆ ಯಂತ್ರ ಇಡೀ ಕಟ್ಟನ್ನು ಉಗುಳುತ್ತಿತ್ತು; ಗಾಜಿನ ಕೋಣೆಯವರು ಬಂದು ನಮ್ಮನ್ನು ಬೈಯುತ್ತಿದ್ದರು. ಒಂದು ದಿನ ಓದುತ್ತ ಓದುತ್ತ ನನ್ನ ಬಾಯಿಂದ ಸೊನ್ನೆಗೆ ಪೂಜಿ ಎಂದು ಬಂತು. ನನ್ನ ಜೋಡಿ ಒತ್ತುವುದನ್ನು ನಿಲ್ಲಿಸಿದಳು.

"ಯೇ ಪೂಜಿ ಕೌನ್ ಹೈ ರೇ? ತೇರಿ ಸಾಸ್?"

ಪೂಜಿ ನನ್ನ ಅತ್ತೆಯಲ್ಲ, ಸೊನ್ನೆ ಎಂದು ನಾನು ಅರ್ಥ ಹೇಳಿದೆ. ಅವಳು ಒಂದು ಕ್ಷಣ ಯೋಚಿಸಿ, "ಅಚ್ಛಾ ಹೈ. ಪೂಜಿ ಬೋಲೇಗಿ ತೋ ಗಲ್ತಿ ಹೀ ನಹೀಂ ಹೋಗೀ" ಎಂದಳು. ಪೂಜಿ ಎಂದರೆ ತಪ್ಪೇ ಆಗದು ಎಂದು ಅವಳು ಹೇಳಿದ್ದು ಸರಿಯಾಗಿತ್ತು. ಓ ಎಂದರೆ ಅಕ್ಷರ, ಪೂಜಿ ಎಂದರೆ ಸೊನ್ನೆ. ನಮ್ಮ ಜೋಡಿಯ ತಪ್ಪುಗಳು ನಿಂತುಹೋದವು. ಪಕ್ಕದ ಜೋಡಿ ಕಲಿಯಿತು, ಆಮೇಲೆ ಆ ಸಾಲು, ಆಮೇಲೆ ಇಡೀ ಹಾಲು. ಕೇರಳದ ಹುಡುಗಿಯರ ಬಾಯಲ್ಲಿ ಅದು ಉದ್ದವಾಯಿತು, ಕೊಂಕಣದವರ ಬಾಯಲ್ಲಿ ಚುಟುಕಾಯಿತು. ಮಧ್ಯಾಹ್ನದ ಹೊತ್ತು ಕಣ್ಣುಮುಚ್ಚಿ ಕೇಳಿದರೆ ಹತ್ತಾರು ದನಿಗಳು ಪೂಜಿ ಪೂಜಿ ಎನ್ನುವುದು ಕೇಳುತ್ತಿತ್ತು. ಲೋಕಲ್‌ನಲ್ಲಿ ಆಡಬಾರದ ನನ್ನ ಮನೆಯ ಮಾತು ಇಲ್ಲಿ ಎಲ್ಲರ ಬಾಯಲ್ಲಿತ್ತು. ನನಗೆ ಹೆಮ್ಮೆಯಾಗುತ್ತಿತ್ತು. ಮುಚ್ಚಿಡುವುದೇಕೆ, ಬಹಳ ಹೆಮ್ಮೆಯಾಗುತ್ತಿತ್ತು.

ನನಗೆ ಮಾತ್ರ ಆ ಹಾಲಿನಲ್ಲೇ ಮುದುಕಿಯಾಗುವ ಮನಸ್ಸಿರಲಿಲ್ಲ. ನಾವು ತುಂಬಿದ್ದನ್ನು ಯಂತ್ರ ಹೇಗೆ ಅರಗಿಸಿಕೊಳ್ಳುತ್ತದೆ ಎಂದು ತಿಳಿಯುವ ಹುಚ್ಚು ಹತ್ತಿತ್ತು. ಪ್ರೋಗ್ರಾಂ ಬರೆಯುವವಳಾಗಬೇಕು, ಚಪ್ಪಲಿ ಬಿಟ್ಟು ಆ ಗಾಜಿನ ಕೋಣೆಯೊಳಗೆ ಹೋಗಿ ಕೂಡಬೇಕು. ಅದೊಂದೇ ಆಸೆ. ಭಾನುವಾರಗಳಂದು ಠಾಣೆಯ ಒಂದು ಕ್ಲಾಸಿಗೆ ಹೋಗಿ ಕೋಬಾಲ್ ಕಲಿಯತೊಡಗಿದೆ. ಅದು ಆ ಕಾಲದ ಕಂಪ್ಯೂಟರಿನ ಭಾಷೆ. ಇಂಗ್ಲಿಷಿನ ಹಾಗೇ ಇರುತ್ತಿತ್ತು: ಇದನ್ನು ಅಲ್ಲಿಗೆ ಸರಿಸು, ಅದನ್ನು ಇದಕ್ಕೆ ಕೂಡಿಸು. ಸರಿಸು ಎನ್ನುವುದಕ್ಕೆ 'ಮೂವ್'.

ಅಂಥ ಒಂದು ಭಾನುವಾರ ಡೊಂಬಿವಲಿಯಲ್ಲಿ ಲೋಕಲ್ ಹತ್ತಿದಾಗ ಹೆಂಗಸರ ಡಬ್ಬಿಯಲ್ಲಿ ಇಲಕಲ್ ಸೀರೆಯ ಒಬ್ಬ ಮುದುಕಿ ಗಂಟಿನ ಮೇಲೆ ಕೂತು ಪ್ರತಿ ಸ್ಟೇಶನ್ನಿಗೂ ಎದ್ದು ಎದ್ದು ನೋಡುತ್ತಿದ್ದಳು. ಊರಿನ ಗಾಡಿಯಿಂದ ಕಲ್ಯಾಣದಲ್ಲಿ ಇಳಿದಿದ್ದಳಂತೆ. ಮಗ ಬರಲಿಲ್ಲ. ಯಾರೋ ಹತ್ತಿಸಿ ಕಳಿಸಿದ್ದರು.

"ಯವ್ವಾ, ಠಾಣೆ ಬಂದ್ರ ಹೇಳ್ತಿಯೇನ? ಇಲ್ಲಿ ಮಂದಿಗೆ ನನ್ನ ಮಾತು ತಿಳೀವಲ್ತು."

ಅಪ್ಪನ ನಿಯಮವನ್ನು ನಾನು ಅವತ್ತು ಮುರಿದೆ. ಗಟ್ಟಿಯಾಗಿ ಕನ್ನಡದಲ್ಲೇ ಮಾತಾಡಿದೆ. ಠಾಣೆಯಲ್ಲಿ ಇಳಿಸಿ, ಕೆರೆಯ ಹತ್ತಿರ ಮಗನ ಮನೆ ಎಂದು ಅವಳು ಹೇಳಿದ್ದರಿಂದ ಗಂಟು ಹೊತ್ತುಕೊಂಡು ಮನೆಯವರೆಗೂ ಬಿಡಲು ಹೋದೆ. ಬಾಗಿಲು ತೆರೆದವರು ನಮ್ಮ ಕಂಪನಿಯ ದೊಡ್ಡ ಪ್ರೋಗ್ರಾಮರು. ಗಾಜಿನ ಕೋಣೆಯಲ್ಲಿ ಮ್ಯಾನೇಜರರ ನಂತರದ ಮನುಷ್ಯ. ಪುಣೆಯವರೆಂದು ಎಲ್ಲರೂ ತಿಳಿದಿದ್ದೆವು. ಅಚ್ಚ ಮರಾಠಿ ಆಡುತ್ತಿದ್ದರು. ಅಡ್ಡಹೆಸರೂ ಮರಾಠಿಯದ್ದೇ ಅನಿಸುವಂತೆ ಇತ್ತು. ಬಣ್ಣ ಮಾತ್ರ ನಮ್ಮಂತೆಯೇ.

ಇವರು ನಮ್ಮ ಆಫೀಸಿನವರೇ ಎಂದು ನಾನು ಮುದುಕಿಗೆ ಹೇಳಿಬಿಟ್ಟೆ. ಅವರು ಮೊದಲು ನನ್ನನ್ನು, ಆಮೇಲೆ ತಾಯಿಯನ್ನು ನೋಡಿದರು. "ಯೇ ಆಯೀ, ಆತ್ ಯೇ" ಎಂದರು, ಒಳಗೆ ಬಾ ಎಂದು.

"ಅಯ್ಯ, ನನಗ ತಿಳಿಯೂಹಂಗ ಮಾತಾಡೋ" ಎಂದು ಮುದುಕಿ ರೇಗಿದಳು. "ನೀ ಬರಲಿಲ್ಲ, ಈ ಹುಡುಗಿ ಕರಕೊಂಡ ಬಂದ್ಲು. ನಮ್ಮಾಕಿ ಅದಾಳ. ನಿಮ್ಮ ಹಪೀಸಿನಾಕಿ ಅಂತಲ್ಲ? ಚೊಲೊ ಆತು, ನೋಡ್ಕೋ ಈಕಿನ್ನ."

ಗಂಟು ಬಿಚ್ಚಿ ನನ್ನ ಕೈಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ತುರುಕಿದಳು. ನಾನು ಮೆಟ್ಟಿಲಿಳಿಯುವಾಗ ಅವರು ಹಿಂದೆಯೇ ಬಂದರು. ಆಫೀಸಿನಲ್ಲಿ ಇದನ್ನೆಲ್ಲ ಹೇಳುವ ಅಗತ್ಯವಿಲ್ಲ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಇಲ್ಲ ಸರ್ ಎಂದೆ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿಯುತ್ತಿದ್ದರೆ ಕುಡಿಯಲಿ, ನನಗೇನು? ಮೇಲಾಗಿ ಒಳಗೆ ನಮ್ಮವರೊಬ್ಬರು ಇದ್ದಾರೆ ಎಂದು ನನಗೆ ಧೈರ್ಯ ಬಂದಿತ್ತು. ರೊಟ್ಟಿಯನ್ನು ಕೆರೆಯ ಕಟ್ಟೆಯ ಮೇಲೆ ಕೂತು ತಿಂದೆ. ಆ ಮಾತನ್ನು ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ, ನನ್ನ ಜೋಡಿಗೂ ಹೇಳಲಿಲ್ಲ.

ಕೆಲವು ವಾರಗಳ ಮೇಲೆ ಪ್ರೋಗ್ರಾಮರ್ ಹುದ್ದೆಗಳು ಖಾಲಿ ಇವೆ, ಕಂಪನಿಯವರೂ ಪರೀಕ್ಷೆಗೆ ಕೂಡಬಹುದು ಎಂದು ಹೇಳಿದರು. ಹಾಲಿನಿಂದ ನಾನೊಬ್ಬಳೇ ಹೆಸರು ಕೊಟ್ಟೆ. ನೀನೂ ಕೊಡು ಎಂದು ನನ್ನ ಜೋಡಿಗೆ ಹೇಳಿದೆ. ನನಗಿಂತ ಚುರುಕು ಅವಳು. ಅವಳು ಬಳೆ ಮೇಲೇರಿಸುತ್ತ ನಕ್ಕಳು. "ಮುಝೇ ನಿಕಾಲ್‌ನೇ ಕೇ ಲಿಯೇ ಇಂಟರ್‌ವ್ಯೂ ಕೀ ಕ್ಯಾ ಜರೂರತ್? ಮೇರಾ ನಾಮ್ ಹೀ ಕಾಫಿ ಹೈ." ಅವಳ ಹೆಸರೊಂದೇ ಸಾಕು ಅವಳನ್ನು ಕೈಬಿಡಲು, ಇಂಟರ್‌ವ್ಯೂ ಯಾಕೆ ಎಂದು. ಅವಳು ನಗಿಸುವುದಕ್ಕೆ ಹೇಳಿದ್ದಳು. ನನಗೆ ನಗು ಬರಲಿಲ್ಲ.

ಬರೆಯುವ ಪರೀಕ್ಷೆಯಲ್ಲಿ ನಾನೇ ಮೊದಲು ಬಂದೆ. ಅದನ್ನು ಮ್ಯಾನೇಜರೇ ಹಾಲಿಗೆ ಬಂದು ಹೇಳಿದರು, ತಮಗೇ ನಂಬಿಕೆ ಇಲ್ಲದವರಂತೆ. ಆಮೇಲೆ ಇಂಟರ್‌ವ್ಯೂ. ಮಾಲೀಕರು, ಮ್ಯಾನೇಜರು, ಮೂರನೆಯವರಾಗಿ ಠಾಣೆಯ ಕೆರೆಯ ಹತ್ತಿರದ ನಮ್ಮ ಸಾಹೇಬರು. ನಾನು ಅವ್ವನ ರೇಶ್ಮೆ ಅಂಚಿನ ಸೀರೆ ಉಟ್ಟಿದ್ದೆ. ಸಾಹೇಬರು ನನ್ನತ್ತ ನೋಡದೆ ಪೆನ್ಸಿಲು ತಿರುಗಿಸುತ್ತಿದ್ದರು.

"ನಿಮ್ಮ ನೇಟಿವ್ ಯಾವುದು?" ಮಾಲೀಕರು ಇಂಗ್ಲಿಷಿನಲ್ಲಿ ಕೇಳಿದರು.

"ಕಲ್ಯಾಣ್."

"ಅಲ್ಲಲ್ಲ, ನೇಟಿವ್, ನೇಟಿವ್."

"ಹುಟ್ಟಿದ್ದು ಕಲ್ಯಾಣದಲ್ಲೇ ಸರ್. ಅಪ್ಪನ ಊರು ಬಿಜಾಪುರದ ಕಡೆ."

"ಓಹೋ, ಮದ್ರಾಸಿ!"

"ಬಿಜಾಪುರ ಮದ್ರಾಸಿನಲ್ಲಿ ಇಲ್ಲ ಸರ್" ಎಂದುಬಿಟ್ಟೆ. ನನ್ನ ನಾಲಿಗೆ ಹಾಗೆ. ಮ್ಯಾನೇಜರ್ ಕೆಮ್ಮಿ, ಗೋಡೆಯ ಹಲಗೆ ತೋರಿಸಿ ಒಂದು ಪ್ರೋಗ್ರಾಂ ಬಿಡಿಸಿ ಹೇಳಲು ಹೇಳಿದರು. ಕಾರ್ಖಾನೆಯ ಕೆಲಸಗಾರರ ಹಾಜರಿ ಎಣಿಸುವ ಲೆಕ್ಕ ಅದು. ಕೌಂಟ್ ಎಂಬ ಒಂದು ಪೆಟ್ಟಿಗೆ. ಎಣಿಕೆ ಶುರುವಾಗುವ ಮೊದಲು ಅದರಲ್ಲಿ ಸೊನ್ನೆ ಇಡಬೇಕು, ಇಲ್ಲದಿದ್ದರೆ ಹಳೆಯ ಕಸವೂ ಎಣಿಕೆಗೆ ಸೇರಿಬಿಡುತ್ತದೆ. ಹಲವರು ಅದನ್ನೇ ಮರೆಯುತ್ತಿದ್ದರು. ನಾನು ಮರೆಯಲಿಲ್ಲ. ಹಲಗೆಯ ಮೇಲೆ ಸರಿಯಾಗಿಯೇ ಬರೆದೆ. ಸಿಟ್ಟು ಇನ್ನೂ ಇಳಿಯದ ಬಾಯಿ ಮಾತ್ರ ತನ್ನಷ್ಟಕ್ಕೆ ಓದಿತು:

"ಮೂವ್ ಪೂಜಿ ಟು ಕೌಂಟ್."

ಮಾಲೀಕರು ಮುಂದಕ್ಕೆ ಬಾಗಿದರು. "ವಾಟ್? ಪೂಜಾ?"

ಅವರು ನಗುತ್ತಿದ್ದರು, ಮ್ಯಾನೇಜರೂ ನಕ್ಕರು. ಹಳೆಯ ಮರಾಠಿ ಮೇಷ್ಟ್ರುಗಳೂ ಸೊನ್ನೆಗೆ ಪೂಜ್ಯ ಅನ್ನುತ್ತಾರೆ, ಆದರೆ ಇವರಿಬ್ಬರೂ ಕಾನ್ವೆಂಟಿನವರು. ಮಾಲೀಕರು ಸಾಹೇಬರ ಕಡೆ ತಿರುಗಿ, ಇದು ಯಾವ ಭಾಷೆ, ಏನು ಇದರ ಅರ್ಥ ಎಂದು ಕೇಳಿದರು. ಒಂದು ಮಾತು ಸಾಕಿತ್ತು. ಝೀರೋ ಸರ್, ಅಷ್ಟೆ. ನಾನು ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ಅವರು ಹೇಳುತ್ತಾರೆ ಎಂದು ಕಾದೆ. ತಿಳಿದವರಲ್ಲವೇ ಅವರು, ನಮ್ಮವರಲ್ಲವೇ.

ಸಾಹೇಬರು ಹಲಗೆ ನೋಡಿದರು. "ಗೊತ್ತಿಲ್ಲ. ಅವರ ಕಡೆಯದು ಏನೋ ಇರಬೇಕು" ಎಂದರು.

ಅವರ ಕಡೆ. ನನಗೆ ಆ ಮಾತು ಕಪಾಳಕ್ಕೆ ಬಿದ್ದಂತಾಯಿತು. ಆ ಮನುಷ್ಯನ ಮನೆಯಲ್ಲಿ ಆ ಹೊತ್ತಿಗೆ ಒಬ್ಬ ಮುದುಕಿ ಮೊಮ್ಮಕ್ಕಳ ಎದುರು ಕೂತು, ಒಂದರ ಮುಂದೆ ಪೂಜಿ ಇಟ್ಟರೆ ಹತ್ತು ಎನ್ನುತ್ತಿದ್ದಿರಬಹುದು. ಝೀರೋ ಸರ್ ಎಂದು ನಾನೇ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಇನ್ನೂ ಕೆಲವು ಪ್ರಶ್ನೆ ಕೇಳಿದರು, ನಾನು ಉತ್ತರಿಸಿದೆ.

ಮರುದಿನ ಮ್ಯಾನೇಜರ್ ಹಾಲಿನ ಬಾಗಿಲಲ್ಲಿ ನಿಂತು, ನನ್ನ ಕೆಲಸವನ್ನು ಹೊಗಳಿ, ಕಮ್ಯೂನಿಕೇಶನ್ ಸ್ವಲ್ಪ ಸಾಲದು ಎಂದರು. ಗಿರಾಕಿಗಳ ಎದುರು ಇಂಥ ಮಾತು ಬಂದರೆ ಕಂಪನಿಯ ಮರ್ಯಾದೆ ಏನಾಗಬೇಕು? ಆಯ್ಕೆಯಾದವರು ಎಲ್ಲರೂ ಹೊರಗಿನವರು, ಎಲ್ಲರೂ ಪ್ರೆಸೆಂಟೆಬಲ್. ಅವರಲ್ಲಿ ಒಬ್ಬ, ಒಳ್ಳೆಯ ಹುಡುಗನೇ, ಕೌಂಟಿಗೆ ಸೊನ್ನೆ ಇಡುವುದನ್ನು ಮರೆತು ಮೊದಲ ತಿಂಗಳೇ ನನ್ನ ಬಳಿ ಬಂದು ಕೇಳಿಕೊಂಡು ಹೋದ. ಹೇಳಿಕೊಟ್ಟೆ. ಅವನ ಮೇಲೆ ನನಗೇನು ಸಿಟ್ಟು?

ಅಪ್ಪನಿಗೆ ಎಲ್ಲ ಹೇಳಿದೆ. ಸಾಹೇಬರನ್ನು ಬಾಯಿಗೆ ಬಂದಂತೆ ಬೈದೆ, ಮರಾಠಿಯಲ್ಲಿ. ಅಪ್ಪ ಕೇಳುತ್ತ ಕೂತಿದ್ದರು.

"ಪೂಜಿ ಅಂದ್ರ ತಪ್ಪೇನದ? ಏನೂ ತಪ್ಪಿಲ್ಲ" ಎಂದರು. ಆಮೇಲೆ, "ಅಂವಾ ಅಂಜ್ಯಾನ. ಅವತ್ತ ಗಾಡಿಯೊಳಗ ನಾನೂ ಅಂಜಿದ್ದೆ. ನಿನಗ ನೆನಪದನೋ ಇಲ್ಲೋ" ಎಂದರು.

ನೆನಪಿಲ್ಲದೆ ಏನು. ಆದರೆ ಅಪ್ಪ ಅಂಜಿದ್ದು ಜನರ ಕೈಗೆ, ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು. ಅದಕ್ಕಾಗಿ ಅವರು ಊಟ ಬಿಟ್ಟಿದ್ದರು. ಇವರು ಕುರ್ಚಿಯ ಮೇಲೆ ಕೂತು ಅಂಜಿದರು. ಎರಡೂ ಒಂದೇ ಎಂದು ಅಪ್ಪ ತಿಳಿದಿದ್ದರೆ ಅದು ಅವರ ದೊಡ್ಡತನ. ನನಗೆ ಆ ದೊಡ್ಡತನ ಅವತ್ತೂ ಇರಲಿಲ್ಲ, ಈಗಲೂ ಇಲ್ಲ.

ಬೇರೆ ಕಡೆ ಅರ್ಜಿ ಹಾಕತೊಡಗಿದೆ. ಮುಂದೆ ರಬಾಳೆಯ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗ ಸೇರಿ, ನಿವೃತ್ತಿಯವರೆಗೂ ಅಲ್ಲೇ ಪ್ರೋಗ್ರಾಂ ಬರೆದೆ. ಅಲ್ಲಿಯೂ ಮೊದಲ ಪ್ರಶ್ನೆ ನೇಟಿವ್ ಯಾವುದು ಎಂಬುದೇ ಆಗಿತ್ತು, ಆದರೆ ಕೇಳಿ ಬಿಟ್ಟುಬಿಟ್ಟರು. ಅದೆಲ್ಲ ಆಮೇಲಿನ ಮಾತು; ಆಗಿನ್ನೂ ಆ ಅರ್ಜಿಗಳಿಗೆ ಉತ್ತರ ಬಂದಿರಲಿಲ್ಲ. ವಾಗ್ಳೆ ಎಸ್ಟೇಟಿನ ಹಾಲಿನಲ್ಲಿ ಹಲ್ಲು ಕಚ್ಚಿ ಕೀಲಿ ಒತ್ತುತ್ತಿದ್ದೆ. ಆಗ ಒಬ್ಬ ವಿದೇಶಿ ಗಿರಾಕಿ ಕಂಪನಿ ನೋಡಲು ಬರುವ ಸುದ್ದಿ ಬಂತು. ಗೋಡೆಗೆ ಬಣ್ಣ ಬಳಿದರು. ಹಾಲಿನವರು ಆ ದಿನ ಮುಂದಕ್ಕೆ ಸುಳಿಯಬಾರದು ಎಂದರು. ನನ್ನ ಜೋಡಿಗೆ ರಜೆ ತೆಗೆದುಕೋ ಎಂದರು, ಗೇಟಿನಲ್ಲಿ ಬುರ್ಖಾ ಕಂಡರೆ ಚೆನ್ನಾಗಿರುವುದಿಲ್ಲವಂತೆ. "ಛುಟ್ಟೀ ದೇ ರಹೇ ಹೈಂ, ಬಡೇ ದಿಲ್‌ವಾಲೇ ಹೈಂ" ಎಂದು, ರಜೆ ಕೊಡುವವರ ದೊಡ್ಡ ಮನಸ್ಸನ್ನು ಹೊಗಳಿ, ಅವಳು ನಕ್ಕು ಹೋದಳು. ಆ ಸಲ ಅವಳ ನಗು ಅರ್ಧಕ್ಕೇ ನಿಂತುಹೋಯಿತು.

ಆ ದಿನ ಬೆಳಿಗ್ಗೆ ಹಾಲಿನ ಬಾಗಿಲಲ್ಲಿ ಸಾಹೇಬರು ನಿಂತಿದ್ದರು. ಹೊಸ ಕೋಟು, ಟೈ. ಗಿರಾಕಿಗೆ ತೋರಿಸಬೇಕಾದ ಪ್ರೋಗ್ರಾಂ ಬರೆದವರು ಅವರೇ. ಆದರೆ ತೋರಿಸುವ ಕೆಲಸವನ್ನು ಸೊನ್ನೆ ಇಡಲು ಮರೆತಿದ್ದ ಆ ಬೆಳ್ಳನೆಯ ಹೊಸ ಹುಡುಗನಿಗೆ ಕೊಟ್ಟು, ನೀವು ಹಿಂದೆ ಯಾರೂ ಗದ್ದಲ ಮಾಡದಂತೆ ನೋಡಿಕೊಳ್ಳಿ ಎಂದು ಇವರನ್ನು ಇತ್ತ ಕಳಿಸಿದ್ದರು. ಯಾಕೆಂದು ಅವರನ್ನು ಯಾರೂ ಕೇಳಲಿಲ್ಲ. ಹಾಲಿನಲ್ಲಿ ಕೂತ ನಮಗೆಲ್ಲ ಗೊತ್ತಿತ್ತು. ಗಾಜಿನ ಕೋಣೆಯಲ್ಲಿ ಗಿರಾಕಿ ಬೂಟು ಹಾಕಿಕೊಂಡೇ ಓಡಾಡುತ್ತಿದ್ದುದು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಯಂತ್ರಕ್ಕೆ ಧೂಳು ಬೀಳುತ್ತದೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಪಾಪ, ಹೇಳಿದ್ದರೆ ಅವನೂ ಬಿಡುತ್ತಿದ್ದನೇನೋ.

ಮಧ್ಯಾಹ್ನದೊಳಗೆ ಮುಗಿಯಬೇಕಾದ ಒಂದು ಕಟ್ಟು ನನ್ನ ಮುಂದಿತ್ತು, ಓದುವವರು ಇರಲಿಲ್ಲ. ಸಾಹೇಬರು ಅದನ್ನು ನೋಡಿದರು. ಆಮೇಲೆ ಕೋಟು ತೆಗೆದು ಬಾಗಿಲ ಹಿಂದಿನ ಖಾಲಿ ಮೊಳೆಗೆ ಹಾಕಿ, ನನ್ನ ಜೋಡಿಯ ಸ್ಟೂಲಿನ ಮೇಲೆ ಕೂತು ಕಾಗದ ಎತ್ತಿಕೊಂಡರು. ನಾನು ಓದುತ್ತೇನೆ ಎಂದರು ಇಂಗ್ಲಿಷಿನಲ್ಲಿ.

"ಬಿ, ಓ, ಫೋರ್, ಓ, ಓ, ಟೂ."

ನಾನು ಒತ್ತಲಿಲ್ಲ. "ಯಾವ ಓ ಸರ್?"

"ಮೊದಲನೆಯದು ಓ. ಆಮೇಲಿನದು ಝೀರೋ, ಝೀರೋ."

ಫ್ಯಾನು ಕಿರುಚುತ್ತಿತ್ತು. ನನಗೆ ನಿಜವಾಗಿಯೂ ಕೇಳಿಸಲಿಲ್ಲ. "ಓ ಏನು ಸರ್?"

ಅವರು ಕಾಗದ ಕೆಳಗಿಳಿಸಿದರು. ಅಕ್ಕಪಕ್ಕದ ಜೋಡಿಗಳು ತಮ್ಮ ಪಾಡಿಗೆ ಪೂಜಿ, ಪೂಜಿ ಎಂದು ಓದುತ್ತಿದ್ದವು. ಕೇರಳದ್ದು ಉದ್ದವಾಗಿ, ಕೊಂಕಣದ್ದು ಚುಟುಕಾಗಿ. ಸಾಹೇಬರು ಅದನ್ನು ಕೇಳುತ್ತ ಕೂತರು. ಗಾಜಿನ ಕೋಣೆಯಲ್ಲಿ ಯಾರೋ ಜೋರಾಗಿ ನಕ್ಕರು. ಅವರು ಮತ್ತೆ ಕಾಗದ ಎತ್ತಿ ಬಿಜಾಪುರದ ದನಿಯಲ್ಲಿ, ಅವರ ತಾಯಿ ಹೇಳುವಂತೆಯೇ, ಓದಿದರು.

"ಬಿ. ಓ. ನಾಕ. ಪೂಜಿ. ಪೂಜಿ. ಎರಡ."

ಒಂದೊಂದಾಗಿ ಹಾಲಿನ ಕೀಲಿಗಳು ನಿಂತವು. ಎಲ್ಲರೂ ಈ ಕಡೆ ನೋಡುತ್ತಿದ್ದರು. ನನ್ನ ಕಣ್ಣು ತುಂಬಿತು. ಸಂತೋಷಕ್ಕಲ್ಲ. ಬರುತ್ತಿತ್ತಲ್ಲ ಈ ಮಾತು, ಬಾಯಲ್ಲೇ ಇತ್ತಲ್ಲ, ಅವತ್ತು ಆ ಕೋಣೆಯಲ್ಲಿ ಎಲ್ಲಿ ಹೋಗಿತ್ತು ಎಂಬ ಸಂಕಟಕ್ಕೆ. ಅವರಿಗೂ ಅದು ತಿಳಿಯಿತು.

"ಅವತ್ತ ನಾ ಹೇಳಬೇಕಾಗಿತ್ತು" ಎಂದರು ಮೆಲ್ಲಗೆ, ನನ್ನೊಂದಿಗೆ ಮೊದಲ ಸಲ ಕನ್ನಡದಲ್ಲಿ. "ಮುಂದಿನ ಸಲ ನೋಡೂಣು."

"ಮುಂದಿನ ಸಲ ಬ್ಯಾಡ್ರಿ ಸರ್" ಎಂದೆ. "ಮುಂದಿನ ನಂಬರ ಹೇಳ್ರಿ."

ಅವರು ಕಾಗದವನ್ನು ಮುಖದ ಹತ್ತಿರ ತಂದುಕೊಂಡು ಮುಂದಿನ ಸಾಲು ಓದಿದರು. ಅದರಲ್ಲಿ ಸೊನ್ನೆಗಳು ಬಹಳ ಇದ್ದವು. ಒಂದೊಂದನ್ನೂ ಪೂಜಿ ಎಂದೇ ಓದಿದರು.